ತೋಳಿಗೆ ಕಟ್ಟುವ ಪಟ್ಟಿ

ಘತ್ತರಗಿ, ೧೯೮೩

ಆಸ್ಪತ್ರೆಯ ದೊಡ್ಡ ಡಾಕ್ಟರ್ ಸಾಹೇಬರಿಗೆ ಶರಣು.

ಹೋದ ವರ್ಷ ನನ್ನ ಅಕ್ಕ ಗೌರಾಬಾಯಿ ಹೆರಿಗೆಗೆಂದು ನಿಮ್ಮಲ್ಲಿಗೆ ಬಂದಿದ್ದಳು. “ಕೊರಳಾಗಿಂದು ಎಲ್ಲಾ ತೆಗಿಬೇಕು, ರೂಲ್ ಐತಿ” ಎಂದರಂತೆ ನರ್ಸಬಾಯಿ. “ತಾಳಿ ಬೇಕಾದ್ರ ತೆಗಿತೇನ್ರಿ, ಹುಟ್ಟಿದಾಗ ಕಟ್ಟಿದ ಲಿಂಗ ಮೈ ಬಿಟ್ಟು ಇಡಂಗಿಲ್ರಿ” ಎಂದು ಅಕ್ಕ ತಿರುಗಿ ಬಂಡಿ ಹತ್ತಿದಳು. ಜೀವಂತ ಮನೆ ಮುಟ್ಟಲಿಲ್ಲ.

ಈಗ ನನ್ನ ಕನಸಿನಲ್ಲಿ ಆ ಬಂಡಿ ಜೋಳದ ತೆನೆಗಳ ಮೇಲೆ ತೇಲುತ್ತ ನಿಮ್ಮ ಆಸ್ಪತ್ರೆಯತ್ತಲೇ ಬರುತ್ತದೆ. ಎತ್ತಿನ ಗೆಜ್ಜೆ ಕೇಳಿಸುತ್ತದೆ, ಗಾಲಿಯ ಸದ್ದಿಲ್ಲ.

ನನಗೂ ದಿನ ತುಂಬಿವೆ. ಲಿಂಗವನ್ನು ತೋಳಿಗೆ ಕಟ್ಟಿಕೊಳ್ಳಲು ಬಿಳಿ ಅರಿವೆಯ ಪಟ್ಟಿ ಕುದಿಸಿ ಒಣಗಿಸಿಟ್ಟಿದ್ದೇನೆ. ಹಾಗೆಯೇ ಒಳಗೆ ಬಿಡಬೇಕೆಂದು ರೂಲ್ ತಿದ್ದಿರಿ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿರಿ.

ಬಂಡಿಯಲ್ಲಿರುವ ಅಕ್ಕನಿಗೆ ಓದು ಬರುತ್ತದೆ.

ನಿಮ್ಮ ಮಾತಿಗೆ ಕಾದಿರುವ,
ಗುರುಶಾಂತಮ್ಮ