ಕಿಟಕಿಯ ಕರಡಿ

ಹೆಂಗಸರ ವಾರ್ಡು, ಮೇಲಿನ ಮಹಡಿ
ಜೂನ್ ೧೧, ಮಂಗಳವಾರ

ಪ್ರೀತಿಯ ತಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ನಿನ್ನ ಹೆಂಡತಿ, ಮಗು ಕ್ಷೇಮವೇ? ಮೇಲೆ ‘ಪ್ರೀತಿಯ’ ಎಂದು ಬರೆದದ್ದು ಬರೀ ಅಭ್ಯಾಸಬಲ. ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ.

ನಿನ್ನ ಕಾದಂಬರಿ ತಲುಪಿತು. ಈ ಮಾನಸಿಕ ಆಸ್ಪತ್ರೆಯ ಕಥೆಯೆಂದು ನೀನು ಬಾಯಿ ಬಿಟ್ಟಿರಲಿಲ್ಲ. ನಾನೋ, ನನ್ನ ತಮ್ಮ ಬರೆದದ್ದು ಎಂದು ವಾರ್ಡಿಗೆಲ್ಲ ಡಂಗುರ ಸಾರಿದೆ. ಊಟದ ಕೋಣೆಯಲ್ಲಿ ಎಲ್ಲರೂ ಕೂತೆವು, ನರ್ಸಮ್ಮ ಗಟ್ಟಿಯಾಗಿ ಓದಿದಳು. ಎರಡನೇ ಅಧ್ಯಾಯಕ್ಕೇ ಅವಳ ದನಿ ಇಳಿಯಿತು. ಅದರಲ್ಲಿ ಮನುಷ್ಯರೇ ಇಲ್ಲವಲ್ಲೋ! ಒಬ್ಬಳು ಆಮೆ, ಒಬ್ಬಳು ಕೋಳಿ, ಒಬ್ಬಳು ಎಮ್ಮೆ. ಬಂದಾಗಲೆಲ್ಲ ನಿನಗೆ ಕುರ್ಚಿ ಎಳೆದುಕೊಡುವ ಟೀಚರಮ್ಮನೇ ಎಮ್ಮೆ ಎಂದು ಯಾರಿಗೆ ತಿಳಿಯದು? “ಹೋಗ್ಲಿ ಬಿಡಿ, ಹಾಲು ಕೊಡು ಅಂತ ಯಾರೂ ಕೇಳ್ದಿದ್ರೆ ಸಾಕು” ಎಂದು ಅವರೇ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ನೆಲ ಹೆಕ್ಕುತ್ತಾ ತಿರುಗುವ ನಿನ್ನ ಕೋಳಿ ನಮ್ಮ ಟೈಲರಮ್ಮ. ಹೊಲಿಗೆ ತರಗತಿ ಮುಗಿದ ಮೇಲೆ ಬಿದ್ದ ಗುಂಡುಸೂಜಿ ಹೆಕ್ಕುತ್ತಾಳೆ, ಬರಿಗಾಲಲ್ಲಿ ಓಡಾಡುವವರಿಗೆ ಚುಚ್ಚೀತೆಂದು. ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಆಮೇಲೆ ಬಂತು ಕರಡಿ. ಬೋನಿನಲ್ಲಿ ಓಲಾಡುವ ಹಾಗೆ ಇಡೀ ದಿನ ಈ ಕಿಟಕಿಯಿಂದ ಆ ಕಿಟಕಿಗೆ ಅರ್ಥವಿಲ್ಲದೆ ಸುತ್ತುವವಳು. ಮೈಮೇಲೆ ನೀಲಿ ಸ್ವೆಟರು ಬೇರೆ. ಅದು ನಾನೇ ಎನ್ನಲು ಪಂಡಿತರು ಬೇಕೇ? ನೀನು ಬರುವ ಭಾನುವಾರ ಮಾತ್ರ ನಾನು ಹಾಗೆ ಸುತ್ತುವುದು. ಒಂದು ಕಿಟಕಿಯಿಂದ ಬಸ್‌ಸ್ಟಾಪು ಕಾಣುತ್ತದೆ, ಇನ್ನೊಂದರಿಂದ ಗೇಟು. ಬಸ್ಸು ಬಂದು ನಿಂತರೆ ಇತ್ತ, ಜನ ಇಳಿದರೆ ಅತ್ತ. ನಿನ್ನ ದಾರಿ ಕಾಯುತ್ತಿದ್ದ ಅಕ್ಕನನ್ನು ಕೆಳಗಿನಿಂದ ನೋಡಿ ಬೋನಿಗೆ ಹಾಕಿಬಿಟ್ಟೆಯಲ್ಲೋ! ನನಗೆ ಸಿಟ್ಟು ಬಂದಿದೆ. ಕಾಯಿಲೆಯ ಸಿಟ್ಟಲ್ಲ ಇದು, ಮಾತ್ರೆಗೆ ಇಳಿಯುವುದಿಲ್ಲ. ಪುಸ್ತಕ ಓದಿದವರು ಚೆನ್ನಾಗಿದೆ ಎಂದು ಬೆನ್ನು ತಟ್ಟಿದಾಗ ನಿನಗೆ ಏನೂ ಅನ್ನಿಸಲಿಲ್ಲವೇ?

ಮಗುವಿಗೆ ಮುತ್ತು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ನಿನಗೂ ಒಳ್ಳೆಯದಾಗಲಿ, ಅಕ್ಕನಾದವಳು ಇನ್ನೇನು ಹೇಳಲಿ.

ಇಂತು,
ನಿನ್ನ ಅಕ್ಕ

ತಾ.ಕ.: ಬರುವ ವಾರ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಎಂದು ಕೇಳಿದಾಗ ನಿನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. ಮನೆಯಲ್ಲಿ ನಾನು ಸುಮ್ಮಸುಮ್ಮನೆ ಅತ್ತರೆ, ಹಾಕಿದ ಬಾಗಿಲನ್ನು ಮತ್ತೆ ಮತ್ತೆ ತಳ್ಳಿ ನೋಡಿದರೆ, ಅದನ್ನೂ ಬರೆಯುತ್ತೀಯಾ? ಬರೆಯುವುದಿಲ್ಲ ಎಂದು ಭಾನುವಾರ ಬಂದು ನನ್ನ ಮುಖ ನೋಡಿ ಹೇಳು. ಹೇಳಲಾಗದಿದ್ದರೆ ಬರಬೇಡ, ನಾನು ಇಲ್ಲೇ ಇರುತ್ತೇನೆ.