ಎತ್ತರದ ಜೀಪಿನ ಸದ್ದು

ನಮ್ಮ ಯಜಮಾನರಿಗೆ,

ನೀವು ಹೋಗಿ ಒಂದು ಮಳೆಗಾಲ ಮುಗೀತು. ಕ್ಷೇಮ ಸಮಾಚಾರ ಕೇಳೋಕೆ ಈ ಕಾಗದ ಬರೀತಿಲ್ಲ, ಬೈಯೋಕೆ ಬರೀತಿದೀನಿ. ಬದುಕಿದ್ದಾಗ ನಾನು ಬಾಯಿ ತೆಗೆದರೆ ಸಾಕು, ವಸ್ತ್ರ ಹೆಗಲಿಗೆ ಹಾಕ್ಕೊಂಡು ಎದ್ದು ಹೋಗಿಬಿಡ್ತಿದ್ರಿ. ಈಗ ಎಲ್ಲಿಗೆ ಹೋಗ್ತೀರಿ? ಕೂತು ಕೇಳಿ.

ಆ ಜೀಪು ನಮ್ಮ ಮನೆಗೆ ಬಂದ ದಿನ ನೆನಪಿದೆಯಾ? ಮಿಲಿಟರಿಯೋರು ಹರಾಜು ಹಾಕಿದ ಹಳೇ ಗಾಡಿ. ಮೈಸೂರಿಂದ ಹೊಳೆನರಸೀಪುರದವರೆಗೆ ಡ್ರೈವರ್ ಬೋರಯ್ಯ ಓಡಿಸ್ಕೊಂಡು ಬಂದ, ನೀವು ಪಕ್ಕದಲ್ಲಿ ಮದುವಣಿಗನ ಥರ ಕೂತಿದ್ರಿ. ಹಾಸನದ ಮಂಡಿಯಿಂದ ಬಿತ್ತನೆ ಆಲೂಗೆಡ್ಡೆ ತಂದು ಅರಕಲಗೂಡು ಕಡೆ ಹಳ್ಳಿಗಳಿಗೆ ಮುಟ್ಟಿಸೋದು ನಮ್ಮ ವ್ಯಾಪಾರ. ಎತ್ತಿನ ಗಾಡಿ ಹೂತುಕೊಳ್ಳೋ ಕೆಸರಲ್ಲಿ ಜೀಪು ನಾಲ್ಕೂ ಗಾಲಿಯಲ್ಲಿ ಎಳ್ಕೊಂಡು ಆಚೆ ದಡ ಸೇರ್ತಿತ್ತು. ಓಡಿಸ್ತಿದ್ದೋನು ಬೋರಯ್ಯ, ಶಹಬ್ಬಾಸ್ ಅನ್ನಿಸಿಕೊಳ್ತಿದ್ದೋರು ನೀವು. ಆಗಲೂ ನಾನು ಹೋಗಲಿ ಬಿಡು ಅಂದುಕೊಂಡೆ.

ಒಂದು ಸಲ ಹಳ್ಳ ದಾಟೋವಾಗ ಬಂಡೆ ತಳಕ್ಕೆ ತಗುಲಿತು ನೋಡಿ, ಅವತ್ತಿಂದ ನಿಮಗೆ ಗಾಡಿ ಎತ್ತರ ಮಾಡಿಸೋ ಹುಚ್ಚು ಹಿಡೀತು. ಕುಲುಮೆಯವನ ಹತ್ತಿರ ನಿಂತು ಸ್ಪ್ರಿಂಗಿಗೆ ಹೆಚ್ಚಿಗೆ ಪಟ್ಟಿ ಸೇರಿಸಿದ್ರಿ, ಅದು ಸಾಲದು ಅಂತ ಕೆಳಗೆ ಕಬ್ಬಿಣದ ದಪ್ಪ ತುಂಡು ಕೊಡಿಸಿದ್ರಿ. "ಇಷ್ಟೆತ್ರ ಬ್ಯಾಡಿ ಸಾ. ಶಾಫ್ಟು ಓರೆ ಆಯ್ತದೆ, ತಿರುಗಕ್ಕೆ ಒದ್ದಾಡ್ತದೆ" ಅಂದ ಬೋರಯ್ಯ. ಶಾಫ್ಟು ಅಂದರೆ ಏನು ಅಂತ ನಾನು ಕೇಳಿದ್ದಕ್ಕೆ ಅವನೇ ಬಗ್ಗಿ ತೋರಿಸಿದ್ದ: ಗೇರು ಪೆಟ್ಟಿಗೆಯ ಬಲವನ್ನ ಹಿಂದಿನ ಗಾಲಿಗೆ ಒಯ್ಯೋ ಉದ್ದನೆ ಕೊಳವೆ, ಎರಡು ತುದಿಗೂ ಒಂದೊಂದು ಕೀಲು. ನೀವು ಅವನ ಮಾತು ಕಿವಿಗೇ ಹಾಕ್ಕೊಳ್ಳಲಿಲ್ಲ. ಊರೋರು ಎತ್ತರದ ಜೀಪು ಅಂದ್ರೆ ನಿಮ್ಮ ಮೀಸೆ ಮೇಲಕ್ಕೆ ಹೋಗ್ತಿತ್ತು. ನಾನು ಮಾತ್ರ ಆಲೂಗೆಡ್ಡೆ ಪೆಟ್ಟಿಗೆ ಮೇಲೆ ಕಾಲಿಟ್ಟು, ಸೀರೆ ಎತ್ತಿ ಹಿಡ್ಕೊಂಡು, ಬೀದಿ ಜನದ ಮುಂದೆ ಹತ್ತಬೇಕಾಗಿತ್ತು.

ಆ ವರ್ಷದ ಆಯುಧಪೂಜೆ ಹೊತ್ತಿಗೆ ಬೋರಯ್ಯ ಊರಲ್ಲಿರಲಿಲ್ಲ. ಹೆಂಡತಿ ಬಾಣಂತಿ ಅಂತ ಕಟ್ಟಾಯದ ಮಾವನ ಮನೆಗೆ ಹೋಗಿದ್ದ. ಪ್ರತಿ ವರ್ಷ ಶಾಫ್ಟು ಬಿಚ್ಚಿ, ತೊಳೆದು, ಗ್ರೀಸು ಹಾಕಿ ಜೋಡಿಸ್ತಿದ್ದೋನು ಅವನು. ಅವನು ಬರಲಿ ತಡೀರಿ ಅಂದರೆ ಕೇಳಿದ್ರಾ? ನನ್ನ ಗಾಡಿ ನನಗೆ ಗೊತ್ತಿಲ್ವಾ ಅಂತ ಪಂಚೆ ಮೇಲಕ್ಕೆ ಕಟ್ಟಿ ನೀವೇ ಕೆಳಗೆ ತೂರಿದ್ರಿ. ಬಿಚ್ಚಿದ್ದು ನೀವೇ, ಬಿಚ್ಚಿದರೆ ಎರಡು ತುಂಡಾಗೋ ಆ ಶಾಫ್ಟಿಗೆ ಫಳಫಳ ಅನ್ನಲಿ ಅಂತ ಕಪ್ಪು ಬಣ್ಣ ಬಳಿದಿದ್ದೂ ನೀವೇ. ಒಣಗಿದ ಮೇಲೆ ಒಂದರೊಳಗೊಂದು ತೂರಿಸಿ ಜೋಡಿಸಿದ್ರಿ. ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ನನ್ನ ಕೈಲಿ ಆರತಿ ಮಾಡಿಸಿದ್ರಿ.

ಸದ್ದು ಶುರುವಾಗಿದ್ದು ಆ ಹಬ್ಬದ ಮಾರನೇ ದಿನದಿಂದ. ನಿಧಾನಕ್ಕೆ ಹೋದರೆ ಇಲ್ಲ, ಸ್ವಲ್ಪ ಓಡಿಸಿದರೆ ತಳದಿಂದ ಗುಡುಗುಡು. ಕಾಲಿಟ್ಟ ತಗಡು ನಡುಗಿ ಅಂಗಾಲು ಜುಮ್ಮೆನ್ನೋದು. ಬೋರಯ್ಯ ವಾಪಸ್ ಬಂದು ಸ್ಟೇರಿಂಗು ಹಿಡಿದ ಕೂಡಲೆ, "ಸಾ, ಶಾಫ್ಟು ಒಂದ್ಸಲ ಬಿಚ್ಚಿ ನೋಡ್ಬುಡ್ತೀನಿ" ಅಂದ. ನೀವು ಏನಂದ್ರಿ? "ಅದನ್ನ ಜೋಡಿಸಿರೋನು ನಾನು ಕಣೋ. ನೀನು ಕ್ಲಚ್ಚಿನ ಮೇಲಿಂದ ಕಾಲು ತೆಗಿ, ಸದ್ದು ತಾನಾಗೇ ಹೋಗುತ್ತೆ."

ಅರಕಲಗೂಡಿಂದ ಬರೋ ದಾರಿಯ ಇಳಿಜಾರಲ್ಲಿ ಬೋರಯ್ಯ ಒಂದು ದಿನ ಗೇರು ತೆಗೆದು ಇಂಜಿನ್ನೇ ಆರಿಸಿಬಿಟ್ಟ. ಗಾಡಿ ತನ್ನಷ್ಟಕ್ಕೆ ಉರುಳ್ತಿತ್ತು, ಗುಡುಗುಡು ಹಾಗೇ ಇತ್ತು. ಹಿಂದೆ ಮೂಟೆ ಮೇಲೆ ಕೂತಿದ್ದ ನಾನು ಅಂದೆ, "ಇಂಜಿನ್ ಆರಿದ ಮೇಲೂ ಬರ್ತಿದೆಯಲ್ರಿ, ಇದು ಕ್ಲಚ್ಚಿನ ಸದ್ದು ಹೆಂಗಾಗುತ್ತೆ?" ನೀವು ಹಿಂದೆ ತಿರುಗಿ ಸಹ ನೋಡಲಿಲ್ಲ. "ನೀನು ಒಲೆ ಮೇಲಿನ ಸದ್ದು ಕೇಳಿಸ್ಕೊ, ಸಾಕು" ಅಂದ್ರಿ. ಗೇರು ಪೆಟ್ಟಿಗೆ ಬಿಚ್ಚಿಸಿದ್ರಿ, ಒಳಗೆ ಒಂದು ಹಲ್ಲೂ ಸವೆದಿರಲಿಲ್ಲ. ಆಗಲಾದರೂ ಅನುಮಾನ ನಿಮ್ಮ ಕಡೆ ತಿರುಗಬೇಕಿತ್ತೋ ಬೇಡವೋ?

ಚನ್ನರಾಯಪಟ್ಟಣದ ಸಂತೆಯ ದಿನವನ್ನ ನಾನು ಮರೆಯೋಕಾಗಲ್ಲ. ಮೂಟೆ ಇಳಿಸೋಕೆ ತಡವಾಯ್ತು, ನಾಲ್ಕು ಜನ ವ್ಯಾಪಾರಿಗಳು ಗಾಡಿಯ ಸದ್ದು ಕೇಳಿ ನಕ್ಕರು. ಅಷ್ಟಕ್ಕೇ ಬೋರಯ್ಯನ ಕೈಯಿಂದ ಬೀಗದ ಕೈ ಕಿತ್ಕೊಂಡು, "ಗಾಡಿ ಹಾಳು ಮಾಡೋ ನನ್ಮಗನೆ, ಇವನ ಕೈಗೆ ಯಾರೂ ಸ್ಟೇರಿಂಗು ಕೊಡಬೇಡ್ರಯ್ಯ" ಅಂತ ಕೂಗಿದ್ರಿ. ಆಮೇಲೆ ಅವನ ಕೇರಿಯ ಹೆಸರು ಎತ್ತಿ ಆಡಿದ ಮಾತನ್ನ ನಾನು ಇಲ್ಲಿ ಬರೆಯೋದಿಲ್ಲ, ಬರೆದರೆ ನನ್ನ ಕೈ ಹೊಲಸಾಗುತ್ತೆ. ಬೋರಯ್ಯ ಟೋಪಿ ತೆಗೆದು ಸೀಟಿನ ಮೇಲಿಟ್ಟ. ನಾನು ಗಾಡಿಯಿಂದ ಇಳಿದು ಬಂದು ನಿಮ್ಮ ತೋಳು ಹಿಡಿದೆ, ಸಾಕು ಬನ್ನಿ ಅಂದೆ. ನನ್ನನ್ನೂ ತಳ್ಳಿದ್ರಿ. ಅವನು ಅವತ್ತು ನಡ್ಕೊಂಡೇ ಹೋದ. ಆಮೇಲೆ ಚನ್ನರಾಯಪಟ್ಟಣದಲ್ಲಾಗಲಿ ಹಾಸನದಲ್ಲಾಗಲಿ ಒಬ್ಬನೂ ಅವನಿಗೆ ಗಾಡಿ ಕೊಡಲಿಲ್ಲ.

ಕಾಮಾಲೆ ಜೋರಾಗಿ ಹಾಸನದ ಆಸ್ಪತ್ರೆಗೆ ಸೇರಿಸಿದಾಗ ನಿಮ್ಮ ಕಣ್ಣು, ಉಗುರು ಎಲ್ಲ ಹಳದಿಯಾಗಿತ್ತು, ಆದರೆ ಬುದ್ಧಿ ಸರಿಯಾಗೇ ಇತ್ತು. ಬೀಜದ ಗೆಡ್ಡೆ ಮೊಳಕೆ ಬಂತಾ ಅಂತ ಕೇಳಿದ್ರಿ. ಎಮ್ಮೆ ಕರು ಹಾಕ್ತಾ ಅಂತ ಕೇಳಿದ್ರಿ. "ಬೋರಯ್ಯನ್ನ ಕರೆಸ್ಲಾ?" ಅಂತ ನಾನು ಕೇಳಿದಾಗ ಗೋಡೆ ಕಡೆ ತಿರುಗಿ ಮಲಗಿದ್ರಿ. ನಿದ್ದೆ ಬಂದಿರಬಹುದು ಅಂದುಕೊಳ್ಳೋಕೆ ಎಷ್ಟು ಪ್ರಯತ್ನಪಟ್ಟೆ ಗೊತ್ತಾ? ನಿದ್ದೆ ಬಂದಿರಲಿಲ್ಲ. ನಿಮ್ಮ ಜೊತೆ ಅಷ್ಟು ವರ್ಷ ಬಾಳಿದವಳಿಗೆ ಅಷ್ಟು ಗೊತ್ತಾಗಲ್ವಾ... ಮೂರನೇ ದಿನ ನೀವು ಹೋದ್ರಿ. ನನಗೆ ಅಳೋಕೂ ಬಿಡದ ಹಾಗೆ ಸಿಟ್ಟು ಕೊಟ್ಟು ಹೋದ್ರಿ.

ಹಾಸನದ ಗ್ಯಾರೇಜಿನ ಪುಟ್ಟಸ್ವಾಮಿಯನ್ನ ಕರೆಸಿದ್ದು ನಿಮ್ಮ ಕರ್ಮ ಎಲ್ಲ ಮುಗಿದ ಮೇಲೆ. ವ್ಯಾಪಾರ ನಿಲ್ಲಿಸಿದರೆ ನಾನೇನು ತಿನ್ನಲಿ? ಮೊದಲು ಅವನು ಶಾಫ್ಟಿನ ಕೀಲುಗಳು ಸವೆದಿವೆ ಅಂತ ಹೊಸದು ಹಾಕಿದ. ಸದ್ದು ಹೋಗಲಿಲ್ಲ. ಗಾಲಿಯ ಬೇರಿಂಗು ಅಂದ, ಜಾಕಿ ಕೊಟ್ಟು ಎತ್ತಿ ತಿರುಗಿಸಿದ, ಅದೂ ಅಲ್ಲ. ಕೊನೆಗೆ ಹಿಂದಿನ ಶಾಫ್ಟನ್ನೇ ಬಿಚ್ಚಿ ಜಗಲಿ ಮೇಲಿಟ್ಟು, ಬರೀ ಮುಂದಿನ ಗಾಲಿಗಳ ಬಲದಲ್ಲಿ ಓಡಿಸಿದ. ನಾನು ಪಕ್ಕದಲ್ಲೇ ಕೂತಿದ್ದೆ. ಹೊಳೆ ದಂಡೆವರೆಗೆ ಹೋಗಿ ಬಂದ್ವಿ, ಗುಡುಗುಡು ಇಲ್ಲವೇ ಇಲ್ಲ. ಕಳ್ಳ ಜಗಲಿ ಮೇಲೇ ಮಲಗಿದ್ದ. ಎಲ್ಲಾದರೂ ಬಿರುಕು ಬಿಟ್ಟಿರಬಹುದು, ಬಣ್ಣ ತೆಗೆದು ನೋಡೋಣ ಅಂದ ಪುಟ್ಟಸ್ವಾಮಿ. ಸೀಮೆಎಣ್ಣೆ, ಇಟ್ಟಿಗೆ ಪುಡಿ, ತೆಂಗಿನ ನಾರು ತಗೊಂಡು ನಾನೇ ಉಜ್ಜಿದೆ. ನಿಮ್ಮ ಮೇಲಿನ ಸಿಟ್ಟೆಲ್ಲ ಅದರ ಮೇಲೆ ತೀರಿಸಿಕೊಂಡೆ ಅನ್ನಿ.

ಕಪ್ಪು ಬಿಟ್ಟ ಕಡೆ ಕಬ್ಬಿಣದಲ್ಲಿ ಒಂದು ಬಾಣದ ಗುರುತು ಕಾಣಿಸ್ತು. ಇದೇನು ಅಂತ ಕೇಳಿದೆ. ಪುಟ್ಟಸ್ವಾಮಿ ಇನ್ನೊಂದು ತುಂಡನ್ನೂ ಉಜ್ಜಿ ನೋಡಿ ಹಣೆ ಚಚ್ಚಿಕೊಂಡ. ಅದರಲ್ಲೂ ಒಂದು ಬಾಣ. ಜೋಡಿಸೋವಾಗ ಎರಡು ಬಾಣ ಎದುರುಬದುರು ಬರಬೇಕಂತೆ, ಆಗ ಎರಡು ತುದಿಯ ಕೀಲೂ ಒಂದೇ ಹದದಲ್ಲಿ ತಿರುಗ್ತಾವಂತೆ. ನಿಮ್ಮ ಶಾಫ್ಟಿನಲ್ಲಿ ಒಂದು ಬಾಣ ಆಕಾಶ ನೋಡ್ತಿತ್ತು, ಇನ್ನೊಂದು ಪಕ್ಕದ ಮನೆ ನೋಡ್ತಿತ್ತು. ಗಾಡಿ ಮೊದಲಿನ ಎತ್ತರದಲ್ಲಿದ್ದಿದ್ರೆ ಇಷ್ಟು ಗೊತ್ತಾಗ್ತಿರಲಿಲ್ಲ, ಎತ್ತರ ಮಾಡಿ ಶಾಫ್ಟು ಓರೆಯಾಗಿದ್ದಕ್ಕೆ ಈ ರಂಪ ಅಂದ. ಅಂದರೆ ತಪ್ಪಿನ ಮೇಲೆ ತಪ್ಪು, ಎರಡೂ ನಿಮ್ಮದೇ. ಬಾಣ ಕೂಡಿಸಿ ಜೋಡಿಸಿದ ಮೇಲೆ ಬರೀ ಸಣ್ಣ ಗುಂಯ್ ಉಳೀತು. ಆ ಕಬ್ಬಿಣದ ತುಂಡುಗಳನ್ನೂ ಪಟ್ಟಿಗಳನ್ನೂ ತೆಗೆಸಿ ಹಾಕಿದೆ, ಅದೂ ಹೋಯ್ತು. ನಿಮ್ಮ ಎತ್ತರದ ಜೀಪು ಈಗ ಎಲ್ಲರ ಜೀಪಿನಷ್ಟೇ ಇದೆ.

ಬೋರಯ್ಯ ಹಿರೀಸಾವೆಲಿದಾನೆ ಅಂತ ಗೊತ್ತಾಗಿ ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಬೋರಯ್ಯ ರಸ್ತೆ ಕೆಲಸದಲ್ಲಿ ಜಲ್ಲಿ ಒಡೀತಿದ್ದ. ಗಾಡಿ ಓಡಿಸೋ ಕೈಗೆ ಬಟ್ಟೆ ಸುತ್ಕೊಂಡಿದ್ದ, ಬೆರಳು ಒಡೆದು ರಕ್ತ ಬರ್ತಿತ್ತು. ನಾನು ಬಾಣದ ವಿಷಯ ಎಲ್ಲ ಹೇಳಿ, ವಾಪಸ್ ಬಂದು ಗಾಡಿ ಓಡಿಸು ಅಂತ ಕೇಳ್ಕೊಂಡೆ. ಅವನು ಕೇಳ್ಕೊಂಡ, ನಗಲಿಲ್ಲ, ನಾನು ಹೇಳಿರ್ಲಿಲ್ವಾ ಅಂತಲೂ ಅನ್ನಲಿಲ್ಲ. ಸುತ್ತಿಗೆ ಕೆಳಗಿಟ್ಟು ಒಂದೇ ಮಾತು ಕೇಳಿದ. "ಯಜಮಾನ್ರು ಓಗೋವಾಗ ನನ್ ಬಗ್ಗೆ ಏನಾರ ಅಂದ್ರಾ ಅಮ್ಮಾ?"

ಅಂದರು ಅಂತ ಹೇಳಬಹುದಿತ್ತು. ನೊಂದುಕೊಂಡರು, ಕಣ್ಣಲ್ಲಿ ನೀರು ಹಾಕ್ಕೊಂಡರು ಅಂತ. ಸತ್ತೋರ ಪರವಾಗಿ ಒಂದು ಸುಳ್ಳು, ಯಾರು ಕೇಳ್ತಾರೆ? ನಿಮಗೋಸ್ಕರ ಅಷ್ಟೂ ಮಾಡೋ ಮನಸ್ಸು ಬರಲಿಲ್ಲ ನನಗೆ. "ಇಲ್ಲ ಬೋರಯ್ಯ, ಏನೂ ಅನ್ನಲಿಲ್ಲ" ಅಂದೆ. ಅವನು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಕೊಂಡ. ಆಮೇಲೆ, "ಬತ್ತೀನಿ ಅಮ್ಮಾ. ಆದ್ರೆ ಆ ಮಾತು ಆಡಿದ್ದು ಸಂತೇಲಿ. ನಂಗೊಬ್ಬಂಗೇ ಯೋಳ್ಬುಟ್ರೆ ಆಯ್ತದಾ?" ಅಂದ.

ಹೋದ ವಾರ ಸಂತೆಗೆ ಹೋದ್ವಿ. ಗಾಡಿ ಓಡಿಸ್ಕೊಂಡು ಬಂದೋನು ಬೋರಯ್ಯ. ಅದೇ ವ್ಯಾಪಾರಿಗಳು ಇದ್ದರು, ಲಾರಿ ಡ್ರೈವರುಗಳು, ಹಮಾಲರು, ಗೆಡ್ಡೆ ತಗೊಳ್ಳೋಕೆ ಬಂದ ಹೆಂಗಸರೂ ಇದ್ದರು. ಜೀಪಿನ ಮುಂದೆ ನಿಂತು ಹೇಳಿದೆ, ಇವನು ಗಾಡಿ ಹಾಳು ಮಾಡಿದೋನಲ್ಲ, ಹಾಳು ಮಾಡಿದ್ದು ನನ್ನ ಗಂಡ, ತಪ್ಪಾಗಿ ಜೋಡಿಸಿದ್ದೂ ಅವರೇ, ತಪ್ಪು ಇವನ ತಲೆ ಮೇಲೆ ಹಾಕಿದ್ದೂ ಅವರೇ ಅಂತ. ಹಿಂದಿನಿಂದ ಯಾರೋ ಲಾರಿಯವನು, "ಯಾರಮ್ಮ ನಿನ್ ಗಂಡ? ಎಸರು ಯೋಳು" ಅಂದ. ಹೆಂಗಸರು ತಟಕ್ಕನೆ ನನ್ನ ಮುಖ ನೋಡಿದರು. ಗಂಡನ ಹೆಸರು ಬಾಯಲ್ಲಿ ಹೇಳೋ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ಜನಗಣತಿಯೋರು ಬಂದಾಗಲೂ ನಾನು ಪಕ್ಕದ ಮನೆಯವಳ ಕೈಲಿ ಹೇಳಿಸಿದ್ದೆ. ನನ್ನ ಕಷ್ಟ ನೋಡಿ ಬೋರಯ್ಯನೇ ಬಾಯಿ ತೆಗೆದ. ಸುಮ್ಮನಿರು ಅಂತ ಕೈ ತೋರಿಸಿದೆ.

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತ ನನ್ನ ಅತ್ತೆ ಹೇಳ್ಕೊಟ್ಟಿದ್ರು. ಇನ್ನು ಕಮ್ಮಿಯಾಗೋಕೆ ಏನಿದೆ? ಹೊಳೆನರಸೀಪುರದ ಶಿವನಂಜಪ್ಪ ಅಂದೆ. ಹಿಂದಿದ್ದೋರಿಗೆ ಕೇಳಿಸಲಿಲ್ಲವಂತೆ, ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ.