ರೆಕ್ಕೆಗಾಗಿ ಕಾಯುವ ಹುಳು

ಏಪ್ರಿಲ್ 9

ನೊಣಗಳಿಗೆ ಅಡುಗೆ ಇಟ್ಟೆ. ಜೋಳದ ಹಿಟ್ಟು, ಈಸ್ಟ್, ಕಾಕಂಬಿ. ತಳ ಹಿಡೀತು, ಮತ್ತೆ. ಲ್ಯಾಬ್ ತುಂಬ ಸೀದ ವಾಸನೆ. ಅತ್ತೆ ಎಣ್ಣೆಯಲ್ಲಿ ಕರಿಯೋ ಹಿಟ್ಟಿನುಂಡೆ, ಬೌರ್ಸಾಕ್, ಒಂದು ದಿನವೂ ಸೀಯಲ್ಲ. ಕೈಗುಣ ಅಂದರೆ ಅದು.

ಪ್ರಯೋಗಕ್ಕೆ ಗಾಯ ಮಾಡಿದ ನೊಣದ ಮರಿಹುಳುಗಳು ಇನ್ನೂ ತಿಂತಾನೇ ಇವೆ. ಜೊತೆಯವೆಲ್ಲ ಆಗಲೇ ಕೋಶ ಕಟ್ಟಿ ಕೂತಿವೆ. ಒಳಗಿನ ರೆಕ್ಕೆ ಮೊಳಕೆಗೆ ಪೆಟ್ಟಾದರೆ ಅದೇ ಒಂದು ಹಾರ್ಮೋನು ಬಿಡುತ್ತೆ. ರಕ್ತದಲ್ಲಿ ತೇಲಿ ಮಿದುಳು ಮುಟ್ಟುತ್ತೆ — ತಾಳು, ನಾನಿನ್ನೂ ಸಿದ್ಧ ಆಗಿಲ್ಲ, ಅನ್ನುತ್ತೆ. ಇಡೀ ಮೈ ಕಾಯುತ್ತೆ. ಎಷ್ಟು ಸಲ ನೋಡಿದರೂ ಖುಷಿ.

ಏಪ್ರಿಲ್ 12, ಸಂಜೆ

ಮಗಳು ಇಂಜುಗೆ ಜಾರಿದ ಸೊಂಟದ ಕೀಲಿಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿ ಎರಡು ವಾರ. ಡಾಕ್ಟರ್ ಹೇಳಿದ್ದು ಒಂದೇ — ತಾನಾಗಿ ಏಳಲಿ, ನೀವು ನಿಲ್ಲಿಸಬೇಡಿ. ಅತ್ತೆ ಆಗಲೇ ಮೇ ಮೂರಕ್ಕೆ ತುಸಾವ್, ಮೊದಲ ಹೆಜ್ಜೆಯ ಶಾಸ್ತ್ರ, ಇಟ್ಟಾಯ್ತು. ಮಗುವಿನ ಕಾಲಿಗೆ ಕಟ್ಟಿದ ಕಪ್ಪು-ಬಿಳಿ ದಾರ ಕತ್ತರಿಸಬೇಕು, ಮಗು ನಡೀಬೇಕು. ತಾಲ್ಗಾರ್ ಊರಿನ ನೆಂಟರೆಲ್ಲ ಬರ್ತಾರೆ. ಊಟಕ್ಕೆ ಕುರಿಯನ್ನೂ ಗೊತ್ತು ಮಾಡಿದ್ದಾರೆ.

"ಒಂದೂವರೆ ವರ್ಷ ಆಯ್ತು, ಜನ ಏನಂತಾರೆ? ಎರಡೂ ಕೈ ನಾನು ಹಿಡ್ಕೋತೀನಿ. ನಾಲ್ಕೇ ಹೆಜ್ಜೆ ಕಣೇ," ಅಂತಾರೆ ಅತ್ತೆ.

ಆ ಸೊಂಟ ಮತ್ತೆ ಜಾರಿದರೆ...

ಏಪ್ರಿಲ್ 20, ಭಾನುವಾರ

ನೊಣಗಳಿಗೆ ರಜೆ ಇಲ್ಲ. ಅತ್ತೆಯನ್ನೂ ಲ್ಯಾಬಿಗೆ ಕರ್ಕೊಂಡು ಹೋದೆ. ಮರಿಯಾಗಿದ್ದಾಗ ಗಾಯ ಮಾಡಿದ್ದ ಎರಡು ನೊಣ ತೋರಿಸಿದೆ: ಆ ಹಾರ್ಮೋನೇ ಇಲ್ಲದ ತಳಿಯದು ಒಂದು, ಇರೋದು ಒಂದು. ಸ್ಕಾರ್ಫು ಹಿಂದಕ್ಕೆ ತಳ್ಳಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

"ಅಯ್ಯೋ, ಒಂದು ರೆಕ್ಕೆ ಮೋಟು!"

"ಅದು ಕಾಯಲಿಲ್ಲ, ಅತ್ತೆ."

"ಈ ಇನ್ನೊಂದು?"

"ಕಾಯ್ತು. ತಡವಾಗಿ ಬಂತು."

ಬಹಳ ಹೊತ್ತು ನೋಡಿದರು. "ಹುಳಕ್ಕಿರೋ ಬುದ್ಧಿ..." ಅಷ್ಟೇ.

ಏಪ್ರಿಲ್ 21

ಬೆಳಗಿನ ಚಹಾ ಹೊತ್ತಿಗೆ ಅತ್ತೆ ಫೋನ್ ಮಾಡಿದರು. ತಮ್ಮ ತಂಗಿ ಕುಲಾಶ್‌ಗೆ — ಬಾಯಿಗೆ ಬೀಗ ಇಲ್ಲದವಳು.

"ಶಾಸ್ತ್ರ ಮುಂದಕ್ಕೆ ಹೋಯ್ತು ಕಣೇ. ಯಾವಾಗ ಅಂದ್ರೆ? ನನ್ನ ಮೊಮ್ಮಗಳ ಕಾಲು ಹೇಳಿದಾಗ!"

ಉಳಿದವರಿಗೆ ನಾನು ಹೇಳ್ಲಾ ಅಂದೆ.

"ಅವಳಿಗೆ ಹೇಳಿದ್ಮೇಲೆ ಇನ್ಯಾರಿಗೆ ಹೇಳ್ತೀಯ?"

ಮಧ್ಯಾಹ್ನದೊಳಗೆ ತಾಲ್ಗಾರ್‌ಗೆಲ್ಲ ಗೊತ್ತು. ಸುದ್ದಿ ಮುಟ್ಟಿಸೋದರಲ್ಲಿ ನನ್ನ ಹಾರ್ಮೋನು ಕುಲಾಶ್ ಚಿಕ್ಕಮ್ಮನ ಮುಂದೆ ಏನೂ ಅಲ್ಲ. ಬಚ್ಚಲಿಗೆ ಹೋಗಿ ಕಣ್ಣೊರೆಸಿಕೊಂಡೆ. ಎಷ್ಟು ಹಗುರ.

ಜುಲೈ 6, ಬೆಳಿಗ್ಗೆ 11

ಬರೆದು ಯಾವ ಕಾಲ ಆಯ್ತೋ. ಸುಖವಾಗಿದ್ದಾಗ ಪೆನ್ನು ನೆನಪಾಗಲ್ಲ. ಇಂಜು ತೆವಳಿ ತೆವಳಿ ಮನೆಯ ಧೂಳೆಲ್ಲ ಗುಡಿಸಿದ್ದಾಳೆ. ಶಾಸ್ತ್ರಕ್ಕೆ ಅತ್ತೆ ಹೊಸೆದ ಕಪ್ಪು-ಬಿಳಿ ದಾರ ಬೀರುವಿನ ಹಿಡಿಕೆಯಲ್ಲಿ ನೇತಾಡ್ತಿದೆ. ಆಮೇಲೆ ಅವರು ಅದರ ಮಾತೇ ಎತ್ತಿಲ್ಲ. ಈಗ ಅಲ್ಲೇ ಪಕ್ಕದಲ್ಲಿ ಹಿಟ್ಟು ನಾದ್ತಿದ್ದಾರೆ.

ಇಂಜು ಬೀರು ಹಿಡಿದು ಎದ್ದಳು. ದಾರದ ಮೇಲೆ ಕಣ್ಣು. ಕಿತ್ತೇಬಿಟ್ಟಳು, ಕಳ್ಳಿ — ಎರಡೂ ಕೈಯಲ್ಲಿ ದಾರ.

ಎರಡೂ ಕೈಯಲ್ಲಿ. ಅಂದರೆ ಬೀರು ಹಿಡಿದಿಲ್ಲ. ಯಾರೂ ಹಿಡಿದಿಲ್ಲ.

ಅತ್ತೆಯ ಹಿಟ್ಟಿನ ಕೈ ಗಾಳಿಯಲ್ಲೇ ನಿಂತಿದೆ. "ಬರೆದಿದ್ದು ಸಾಕು, ನೋಡೇ—"

ಇಂಜು ಎಡಗಾಲು ಎತ್ತಿ ಮುಂದಕ್ಕೆ